ಹೊಗೆಗೆ ಕಡ್ಡಿ ಗೀರಿದ ಬೇಸಿಗೆ

ಸೊಲ್ಲಾಪುರದಲ್ಲಿ ಮಿಲ್ಲಿನ ಭೋಂಗಾ ಕೂಗಿದರೆ ಊರೆಲ್ಲ ಏಳುತ್ತಿತ್ತು. ನಮ್ಮ ಮನೆ ಮಾತ್ರ ಅದಕ್ಕೂ ಮೊದಲೇ ಎದ್ದಿರುತ್ತಿತ್ತು, ಅತ್ತೆಯ ಊದುಗೊಳವೆಗೆ. ಫೂ, ಫೂ, ಆಮೇಲೆ ಒಂದು ಕೆಮ್ಮು, ಮತ್ತೆ ಫೂ. ಅತ್ತೆ ಅಂದರೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ತಮ್ಮನ ಮನೆಗೆ ಬಂದು ಒಲೆಯ ಮುಂದೆ ಕೂತವಳು. ನಾನು ಹುಟ್ಟುವ ಮೊದಲೇ ಕೂತಿದ್ದಳು. ಅವಳು ಬಡಿದ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ನಿಂತವರ ನೆರಳು ಕಾಣುತ್ತಿತ್ತು. ಅಷ್ಟು ತೆಳ್ಳಗಿನದನ್ನು ಹರಿಯದಂತೆ ಅಂಗೈಯಿಂದ ಹಂಚಿಗೆ ಹಾಕುವುದನ್ನು ನಾನು ನೂರು ಸಲ ನೋಡಿರಬಹುದು. ಪ್ರತಿ ಸಲವೂ ಈಗ ಹರಿದೀತು, ಈಗ ಹರಿದೀತು ಎಂದು ಉಸಿರು ಹಿಡಿದಿದ್ದೇನೆ.

ನಮ್ಮದು ಕಲ್ಲಿದ್ದಲು ಮಾರುವ ವಖಾರಿ. ಮುಂದೆ ಕಪ್ಪು ಗುಡ್ಡ, ಹಿಂದೆ ಮನೆ. ಆದರೆ ಆ ಗುಡ್ಡದ ಗಟ್ಟಿ ಹೋಳು ಎಂದೂ ನಮ್ಮ ಒಲೆಗೆ ಬಂದದ್ದಿಲ್ಲ. ಹೋಳು ಗಿರಾಕಿಗೆ, ತಳದ ಪುಡಿ ಮನೆಗೆ. ಆ ಪುಡಿಗೆ ಸೆಗಣಿ ಕಲಸಿ ಉಂಡೆ ಕಟ್ಟಿ, ಹನ್ನೂರಿನಿಂದ ಸೋದರಮಾವ ಕಳಿಸುತ್ತಿದ್ದ ತೊಗರಿ ಕಟ್ಟಿಗೆಯ ಜೊತೆ ಒಲೆಗೆ ಹಾಕುತ್ತಿದ್ದರು. ಎರಡೂ ಸೇರಿ ಎಬ್ಬಿಸುತ್ತಿದ್ದ ಹೊಗೆಯಲ್ಲಿ ಅಡುಗೆಮನೆಗೆ ಹೋದವರು ಯಾರು ಎಂಬುದನ್ನು ಕೆಮ್ಮಿನಿಂದಲೇ ಗುರುತಿಸಬೇಕಿತ್ತು. ರಾಕೇಲು, ಅಂದರೆ ಚಿಮಣಿ ಎಣ್ಣೆ, ಆ ವರ್ಷಗಳಲ್ಲಿ ರೇಷನ್ ಅಂಗಡಿಯ ಮುಂದೆ ಡಬ್ಬಿ ಸಾಲು ಹಚ್ಚಿದರೂ ಸಿಗುತ್ತಿರಲಿಲ್ಲ. ಗ್ಯಾಸಿಗೆ ಹೆಸರು ಹಚ್ಚಿದ್ದನ್ನು ಅಪ್ಪ ಮರೆತೇ ಬಿಟ್ಟಿದ್ದ.

ನನಗೆ ಮನೆಯವರೆಲ್ಲರ ಕೆಮ್ಮು ಮಾಡಲು ಬರುತ್ತಿತ್ತು. ಅಪ್ಪನದು ಗಿರಾಕಿಗೆ ದರ ಹೇಳುವ ಮುಂಚಿನ ಕೆಮ್ಮು. ಅವ್ವನದು ಬೈಯುವ ಮುಂಚಿನದು. ನಾನಾಗ ಕಾಲೇಜಿನಲ್ಲಿ ಸೈನ್ಸ್ ಓದುತ್ತಿದ್ದೆ, ಅಂದರೆ ಕಾಲೇಜಿಗೆ ಹೋಗಿ ಸರ್‌ಗಳ ನಕಲು ಕಲಿತು ಬರುತ್ತಿದ್ದೆ. ಓದಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಓದಿಸಿದವರ ಮೂಗು, ಭುಜ, ಚಪ್ಪಲಿಯ ಸಪ್ಪಳ ಎಲ್ಲವೂ ನಿಲ್ಲುತ್ತಿತ್ತು. ಮಿಲ್ಲಿನ ಭೋಂಗಾ, ಅಕ್ಕಲಕೋಟೆಯ ಎಸ್ಟಿ ಬಸ್ಸು ಏರು ಹತ್ತುವ ಏದುಸಿರು ಇವೆಲ್ಲ ನನ್ನ ಗಂಟಲಲ್ಲಿದ್ದವು. ಲೋಕದಲ್ಲಿ ನನ್ನ ಗಂಟಲಿಗೆ ಸಿಗದ ದನಿಯಿಲ್ಲ ಎಂದು ನಾನು ನಂಬಿದ್ದೆ. ನಂಬಿದ್ದವನು ನಾನೊಬ್ಬನೇ.

ಆ ಬೇಸಿಗೆಯಲ್ಲಿ ಅತ್ತೆಯ ಕೆಮ್ಮು ಬದಲಾಯಿತು. ಮೊದಲು ಬಂದು ಹೋಗುತ್ತಿದ್ದದ್ದು ಬಂದು ಕೂಡತೊಡಗಿತು. ಅಪ್ಪ ಡಾಕ್ಟರಲ್ಲಿಗೆ ಕರೆದೊಯ್ದ. ನಾನೂ ಹೋಗಿದ್ದೆ. ಡಾಕ್ಟರು ಬೆನ್ನಿಗೆ ನಳಿಕೆ ಹಚ್ಚಿ ಬಹಳ ಹೊತ್ತು ಕೇಳಿ, ಕನ್ನಡಕ ತೆಗೆದು, ಮರಾಠಿಯಲ್ಲಿ ಎರಡೇ ಮಾತು ಹೇಳಿದರು.

"ಬಾಯಿ, ಧೂರ ಬಂದ್. ಚೂಲ ಬಂದ್."

ಹೊಗೆ ಬಿಡಬೇಕು, ಒಲೆ ಬಿಡಬೇಕು. ಮನೆಗೆ ಬಂದು ಡಾಕ್ಟರ ಗಂಟಲಲ್ಲೇ ಅದನ್ನು ಹೇಳಿದೆ, ಕನ್ನಡಕ ತೆಗೆಯುವುದೂ ಸೇರಿ. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

"ಒಲಿ ಬಿಟ್ಟು ಏನ ಮಾಡ್ಲಿ ನಾ?" ಎಂದು ಅಪ್ಪನನ್ನು ಕೇಳಿದಳು.

ಅಪ್ಪ ದರ ಹೇಳುವ ಮುಂಚಿನ ಕೆಮ್ಮು ಕೆಮ್ಮಿದ. "ರೊಟ್ಟಿ ಬಡಿಯಾಕ ಒಬ್ಬಾಕಿನ್ನ ನೋಡೀನಿ ಅಕ್ಕಾ. ಮಿರಗಕ್ಕ ಬರ್ತಾಳ. ಮಳಿ ಹಿಡದ್ರ ಕಟಗಿ ಹಸಿ ಆಗ್ತಾವ, ಹೊಗಿ ಇಮ್ಮಡಿ. ನಿನ್ನ ಎದಿ ತಡ್ಯಾಂಗಿಲ್ಲ. ಅಲ್ಲಿತನಕಾ ಹನ್ನೂರಿಗೆ ಹೋಗಿ ಹವಾ ತೊಗೊ."

"ಆಮ್ಯಾಲ?"

"ಆಮ್ಯಾಲ ಆರಾಮ ಕೂಡು."

ಆ 'ಆರಾಮ' ಎಂಬುದನ್ನು ಅತ್ತೆ ಹಸನು ಮಾಡುವಾಗ ಜೋಳದಲ್ಲಿ ಸಿಕ್ಕ ಹರಳಿನ ಹಾಗೆ ಎತ್ತಿ ಪಕ್ಕಕ್ಕಿಟ್ಟಳು. "ಕೂಡೂದು ಬ್ಯಾರೆ ಕೆಲಸೇನು? ಈ ಮನ್ಯಾಗ ಒಲಿ ಮುಂದ ಕೂತದ್ದಕ್ಕ ನಾ ಮನಶ್ಯಾಳು. ಎದ್ದು ಮೂಲ್ಯಾಗ ಕೂತ್ರ ಸಾಮಾನು."

ಮೃಗಶಿರಾ ಮಳೆಗೆ ಹೆಚ್ಚು ಕಾಲವಿರಲಿಲ್ಲ. ಅತ್ತೆಯನ್ನು ಕರೆದೊಯ್ಯಲು ಹನ್ನೂರಿನಿಂದ ಮಾಮಾ ಬಂದ. ಅವ್ವನ ತಮ್ಮ ಅವನು. ದೊಡ್ಡ ಹೊಲ, ದೊಡ್ಡ ರುಮಾಲು, ದೊಡ್ಡ ಬಾಯಿ. ಹೊರಡುವ ಹಿಂದಿನ ಸಂಜೆ ಅತ್ತೆ ಗಂಟು ಕಟ್ಟಿಟ್ಟು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅತ್ತೆಯನ್ನು ನಗಿಸಬೇಕೆಂದು ನಾನು ನಮ್ಮ ಕೆಮಿಸ್ಟ್ರಿ ಸರ್ ಆದೆ. ಎರಡು ಶಬ್ದಕ್ಕೊಂದು ಕೆಮ್ಮು, ಪ್ರತಿ ಮಾತಿಗೂ "ಲಕ್ಷ ದ್ಯಾ", ಅಂದರೆ ಗಮನ ಕೊಡಿ. ಅತ್ತೆಯ ಪಕ್ಕದಲ್ಲಿದ್ದ ಸೌಟು ಎತ್ತಿಕೊಂಡು ಗಾಜಿನ ನಳಿಗೆಯ ಹಾಗೆ ಹಿಡಿದೆ.

"ಲಕ್ಷ ದ್ಯಾ. ಇದರಾಗ ಕಟಗಿ ಚೂರು, ಅದರ ಕೂಡ ಕಲ್ಲಿದ್ದಲಿ ಪುಡಿ. ಮ್ಯಾಲ ಬೂಚು. ಗಾಳಿ ಹೋಗಬಾರ್ದು. ಕೆಳಗ ಉರಿ. ಗಾಳಿ ಸಿಗದಿದ್ರ ಕಟಗಿ ಸುಡೂದಿಲ್ಲ, ಬೇಯ್ತದ. ಲಕ್ಷ ದ್ಯಾ. ಬೆಂದು ಹೊಗಿ ಬಿಡ್ತದ. ಹೊಗಿಗೆ ಕಡ್ಡಿ ಗೀರಿದ್ರ ಹೊಗಿನ ಉರೀತದ."

ಮಾಮಾ ಬಿದ್ದು ಬಿದ್ದು ನಕ್ಕ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು.

"ಹೊಗಿ ಉರೀತದೇನು?"

"ಸರ್ ಉರಿಸಿ ತೋರ್ಸ್ಯಾರ, ಅತ್ತಿ."

"ಮತ್ತ ನಳಿಗ್ಯಾಗ ಉಳದದ್ದು?"

"ಅದು ಹೊಗಿ ಇಲ್ದಂಗ ಉರೀತದಂತ. ಹೊಗಿ ಮೊದ್ಲ ಹೋಗಿರ್ತದಲಾ."

ಅತ್ತೆ ಒಲೆಯನ್ನು ನೋಡಿದಳು, ಮೇಲೆ ಹೊಗೆ ಮುಚ್ಚಿದ ಮಾಡನ್ನು ನೋಡಿದಳು. "ಹಂಗಾರ ಇಷ್ಟು ವರ್ಷ ನಾ ನುಂಗಿದ್ದು ಬೆಂಕಿ" ಎಂದಳು. ತಮಾಷೆ ಮಾಡಲು ಹೋದ ನಾನು ಸೌಟು ಕೆಳಗಿಟ್ಟೆ. ಅದೇ ಮಾತನ್ನು ಕ್ಲಾಸಿನಲ್ಲಿ ಕೇಳಿ ಬಂದವನು ನಾನು. ಅಲ್ಲಿ ನನಗೆ ಕಂಡದ್ದು ಸರ್ ಮೂಗಿನ ಮೇಲಿನ ಚಾಕ್‌ಪುಡಿ ಮಾತ್ರ.

ಜಗಲಿಯ ಮೇಲಿಂದ ಅಪ್ಪ ಎದ್ದು ಬಂದ. "ಹಿಂದ ಪುಡಿ ಗುಡ್ಡಾ ಬಿದ್ದದ. ಡಾಂಬರಿನ ಡ್ರಮ್ಮೂ ಬಿದ್ದದ. ನೋಡೂಣಲಾ."

ಮರುದಿನ ಹೊರಡಬೇಕಿದ್ದವರು ಹೊರಡಲಿಲ್ಲ. ವಖಾರಿಯ ಹಿಂದೆ ಡ್ರಮ್ಮಿಗೆ ತೊಗರಿ ಕಟ್ಟಿಗೆ ಮುರಿದು ತುಂಬಿ, ಸಂದಿಗೆಲ್ಲ ಕಲ್ಲಿದ್ದಲ ಪುಡಿ ಸುರಿದೆವು. ಡ್ರಮ್ಮಿನ ಬಾಯಿಗೆ ತಗಡು ಮುಚ್ಚಿ, ಸುತ್ತ ಬೆಂಕಿ ಹಚ್ಚಿ ಕಾದೆವು. ಬಿಳಿ ಉಗಿ ಬಂತು. ಮತ್ತೂ ಬಿಳಿ ಉಗಿ ಬಂತು. ಅಕ್ಕಪಕ್ಕದವರು ನಮ್ಮಲ್ಲಿ ಲಗ್ನದ ಅಡುಗೆ ನಡೆದಿದೆಯೇನೋ ಎಂದು ಹಣಿಕಿ ನೋಡಿ ಹೋದರು. ಹೊಗೆಯ ಸುಳಿವೇ ಇಲ್ಲ. ಹೊತ್ತು ಇಳಿದ ಮೇಲೆ ತಗಡು ತೆಗೆದರೆ ಒಳಗೆ ಕಪ್ಪು ನೀರಿನಲ್ಲಿ ಬೆಂದ ಕಡ್ಡಿಗಳು ಮೆತ್ತಗೆ ಬಿದ್ದಿದ್ದವು.

ಮಾಮಾ ಬಗ್ಗಿ ನೋಡಿ ಭಾವನಾದ ಅಪ್ಪನಿಗೆ ಹೇಳಿದ, "ದಾಜಿ, ಹುಗ್ಗಿ ಆಗ್ಯದ. ಬೆಲ್ಲಾ ಹಾಕಿದ್ರ ಉಣ್ಣಬಹುದು."

ಕಾರಣ ಎಲ್ಲರಿಗೂ ಗೊತ್ತಿತ್ತು. ಅಪ್ಪ ಬೆಳಿಗ್ಗೆ ಎದ್ದೊಡನೆ ಕಲ್ಲಿದ್ದಲ ಗುಡ್ಡದ ಮೇಲೆ ನೀರು ಹೊಡೆಯುತ್ತಿದ್ದ, ಧೂಳು ಏಳಬಾರದೆಂದು. ಧೂಳು ಕೂಡುವುದರ ಜೊತೆಗೆ ತೂಕವೂ ಕೂಡುತ್ತಿತ್ತು ಎಂಬುದು ಬೇರೆ ಮಾತು. ಡ್ರಮ್ಮು ತುಂಬುವಾಗಲೂ ಅವನ ಕೈ ತಾನಾಗಿ ಝಾರಿ ಎತ್ತಿ ನೀರು ಹೊಡೆದಿತ್ತು. ಕೈ ಹೊಡೆದದ್ದು ಅವನಿಗೂ ತಿಳಿದಿರಲಿಲ್ಲ, ನೋಡುತ್ತಿದ್ದ ನಮಗೂ ವಿಚಿತ್ರ ಅನಿಸಿರಲಿಲ್ಲ. ನಾನು ಝಾರಿ ಹಿಡಿದು ಅಪ್ಪನ ನಕಲು ಮಾಡಿದೆ. ಅಪ್ಪ ಬೈಯಲಿಲ್ಲ. ಅತ್ತೆಯ ಕಡೆ ನೋಡಿ ತಲೆ ತಗ್ಗಿಸಿದ.

"ಹನ್ನೂರಾಗ ಮಾಡೂಣು. ಬಿಸಲು ಅದ, ಜಾಗಾ ಅದ. ಮುಚ್ಚೂದು ತೆಗಿಯೂದು ನಮಗ ಗೊತ್ತದ" ಎಂದ ಮಾಮಾ.

ಹಾಗೆ ಡ್ರಮ್ಮು ಅಕ್ಕಲಕೋಟೆಯ ಬಸ್ಸಿನ ತಲೆಯೇರಿತು. ಪುಡಿಯ ಚೀಲಗಳೂ ಏರಿದವು. ವಖಾರಿಯನ್ನು ಅವ್ವನಿಗೆ ಒಪ್ಪಿಸಿ ಅಪ್ಪನೂ ನಾನೂ ಜೊತೆಗೆ ಹೊರಟೆವು. ಒಳಗೇನಿದೆ ಎಂದು ಕೇಳಿದ ಕಂಡಕ್ಟರನಿಗೆ ಮಾಮಾ ಗಂಭೀರವಾಗಿ, "ಹೊಗಿ ತುಂಬ್ಕೊಂಡು ಬರಾಕ ಒಯ್ಯಾಕತ್ತೀವ್ರಿ" ಎಂದ. ಅತ್ತೆ ಕಿಟಕಿಯ ಪಕ್ಕ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಂಟಿನಿಂದ ಕಬ್ಬಿಣದ ತುದಿಯೊಂದು ಹೊರಗೆ ಚಾಚಿತ್ತು. ಎಳೆದು ನೋಡಿದರೆ ಊದುಗೊಳವೆ.

"ಒಲಿ ಬಿಟ್ಟು ಹೊಂಟಾಕಿ, ಇದ್ಯಾಕ ಅತ್ತಿ?"

ನನ್ನ ಕೈಮೇಲೆ ಒಂದು ಏಟು ಬಿತ್ತು. "ಇಡು ಒಳಗ. ಹನ್ನೂರಾಗ ಒಲಿ ಇಲ್ಲೇನು?"

ಹನ್ನೂರಿನಲ್ಲಿ ಒಲೆಯಿತ್ತು, ಅತ್ತೆಗಿರಲಿಲ್ಲ. ಬೀಗರ ಮನೆಗೆ ಬಂದ ಹಿರಿಯಳಿಗೆ ಯಾರು ಕೆಲಸ ಹೇಳುತ್ತಾರೆ? ಮಾಮಿ ಜಮಖಾನೆ ಹಾಸಿ, ಲೋಡು ಇಟ್ಟು, "ನೀವು ಕೂಡ್ರಿ ಅಕ್ಕಾರ" ಎಂದಳು. ಹೊತ್ತು ಹೊತ್ತಿಗೆ ತಾಟು ಮುಂದೆ ಬಂತು. ಅತ್ತೆ ಕೂತಳು. ಆ ಕೂತದ್ದನ್ನು ನೋಡಿ ನನಗೆ ನಕಲು ಮಾಡುವ ಮನಸ್ಸಾಗಲಿಲ್ಲ. ಅವಳ ಅಂಗೈಗಳು ತೊಡೆಯ ಮೇಲೆ ಮೆಲ್ಲಗೆ ತಟ್ಟಿಕೊಳ್ಳುತ್ತಿದ್ದವು, ರೊಟ್ಟಿ ಬಡಿಯುವ ತಾಳದಲ್ಲಿ.

ಮಾಮಾನ ಕಣದ ಪಕ್ಕ ಹಗೇವು ಇತ್ತು. ಜೋಳವನ್ನು ನೆಲದೊಳಗೆ ಕಾಯ್ದಿಡುವ ಆಳವಾದ ಗುಂಡಿ ಅದು. ಬಾಯಿ ಚಿಕ್ಕದು, ಒಳಗೆ ಇಡೀ ಕೋಣೆ. ಬಾಯಿಗೆ ಚಪ್ಪಡಿ ಮುಚ್ಚಿ, ಹದವಾಗಿ ಕಲಸಿದ ಮಣ್ಣು ಸೆಗಣಿ ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ತೆಗೆದ ದಿನ ಯಾರೂ ಇಳಿಯುವಂತಿಲ್ಲ. ಮೊದಲು ಕಂದೀಲು ಬಿಡುತ್ತಾರೆ. ಅದು ಆರಿದರೆ ಒಳಗಿನ ಗಾಳಿ ಸತ್ತಿದೆ ಎಂದು ಅರ್ಥ. ನಾನು ಸಣ್ಣವನಿದ್ದಾಗ ಒಮ್ಮೆ ಕಂದೀಲು ಇಳಿಯುತ್ತ ಇಳಿಯುತ್ತ ಯಾರೂ ಊದದೆಯೇ ಆರಿಹೋದದ್ದನ್ನು ನೋಡಿದ್ದೆ. ಕತ್ತಲು ಎದ್ದು ಬಂದು ಅದನ್ನು ನುಂಗಿದ ಹಾಗಿತ್ತು.

ಮಾಮಾನ ಕೈಗೆ ಊರಲ್ಲೇ ಹೆಸರು. "ನಾ ಹಗೇವು ಮುಚ್ಚಿದ್ರ ಒಂದು ಇರಿವಿ ಸೈತ ಉಸರಾಡಂಗಿಲ್ಲ" ಎನ್ನುತ್ತ ಅವನು ಡ್ರಮ್ಮಿನ ತಗಡಿಗೂ ಅದೇ ಮಣ್ಣು ಮೆತ್ತಿದ. ಒಣಗಿದ ಮೇಲೆ ಇನ್ನೊಂದು ಪದರ. ಬಿರುಕು ಕಂಡಲ್ಲಿ ಬೆರಳಿನಿಂದ ತೀಡಿದ. ಮೇಲೆ ಬೀಸುವ ಕಲ್ಲಿನ ಒಂದು ಹೋಳು ಹೇರಿದ. ಸರ್ ಹೇಳಿದ್ದೂ ಅದೇ ತಾನೆ, ಗಾಳಿ ಹೋಗಬಾರದು. ಬೆಂದ ಮೇಲೆ ತೆಗೆದು ಹೊಗೆಗೆ ಕಡ್ಡಿ ಗೀರುವುದು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಸುತ್ತ ತೊಗರಿ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚಿದೆವು.

ಸ್ವಲ್ಪ ಹೊತ್ತಿಗೆ ಡ್ರಮ್ಮು ನರಳಿತು. ಮತ್ತೆ ಸ್ವಲ್ಪ ಹೊತ್ತಿಗೆ ಅದರ ಪಕ್ಕೆ ಟಣ್ಣೆಂದು ಉಬ್ಬಿತು. ಬೇವಿನ ನೆರಳಲ್ಲಿ ಕೂತಿದ್ದ ಅತ್ತೆ ಎದ್ದು ನಿಂತಳು.

"ಪಾವ್ಣ್ಯಾರ, ಸರೀರಿ ಈಕಡೆ. ಅದಕ್ಕ ಉಸರು ಕಟ್ಟಾಕತ್ತದ."

"ಉಸರು ಕಟ್ಟಲಿ ಅಂತನ ಮುಚ್ಚೀನಿ, ಅಕ್ಕಾರ."

"ಉಸರು ಕಟ್ಟಿದ್ರ ಹೆಂಗಾಗ್ತದ ನನಗ ಗೊತ್ತದ. ಸರೀರಿ ಅಂದೆ."

ಅವಳ ದನಿಗೆ ಮಾಮಾ ಸರಿದ. ನಾವೂ ಸರಿದೆವು. ಅಷ್ಟರಲ್ಲಿ ಢಂ. ಬೀಸುವ ಕಲ್ಲು ಪಕ್ಕಕ್ಕೆ ಉರುಳಿತು, ತಗಡು ಗಿರಗಿರ ತಿರುಗುತ್ತ ಬೇವಿನ ಮೇಲೆ ಹಾರಿ ಆಚೆಯ ಹೊಲದಲ್ಲಿ ಬಿತ್ತು. ಕಪ್ಪು ಹೊಗೆಯ ಕಂಬವೊಂದು ನೆಟ್ಟಗೆ ಎದ್ದು, ತಾನೇ ಹೊತ್ತಿಕೊಂಡು, ಕ್ಷಣದಲ್ಲಿ ಇಲ್ಲವಾಯಿತು. ಎಮ್ಮೆ ಹಗ್ಗ ಹರಿದುಕೊಂಡು ಮೈಂದರ್ಗಿಯ ದಿಕ್ಕು ಹಿಡಿಯಿತು. ಯಾರಿಗೂ ಏನೂ ಆಗಲಿಲ್ಲ, ಮಾಮಾನ ರುಮಾಲಿಗೆ ಬಿಟ್ಟರೆ. ಅದು ಮಸಿ ಬಡಿದು ಒಂದೂವರೆ ಬಣ್ಣದ್ದಾಗಿತ್ತು.

ನಾನು ಮೆಲ್ಲಗೆ, ಮಾಮಾನ ಗಂಟಲಲ್ಲಿ, "ಒಂದು ಇರಿವಿ ಸೈತ ಉಸರಾಡಂಗಿಲ್ಲ" ಎಂದೆ.

ಮೊದಲು ನಕ್ಕವನು ಮಾಮಾ. ಆಮೇಲೆ ಅಪ್ಪ, ಆಮೇಲೆ ಅತ್ತೆ. ಅತ್ತೆಯ ನಗು ಹಾಗೇ ಕೆಮ್ಮಾಗಿ ತಿರುಗಿತು. ಕೆಮ್ಮು ನಿಲ್ಲಲಿಲ್ಲ. ಅಪ್ಪ ಅವಳ ಬೆನ್ನು ಸವರಿದ, ಮಾಮಿ ನೀರು ತಂದಳು, ನೀರು ಇಳಿಯಲಿಲ್ಲ. ಅವಳು ಬೇವಿನ ಬೊಡ್ಡೆಯನ್ನು ಹಿಡಿದುಕೊಂಡು ಬಾಯಿ ತೆರೆದು ಗಾಳಿಗಾಗಿ ಹುಡುಕುತ್ತಿದ್ದದ್ದನ್ನು ನೋಡಿ ನಮ್ಮ ನಗು ಎಲ್ಲಿ ಹೋಯಿತೋ. ಪಡುವಣದಲ್ಲಿ ಮೋಡದ ಅಂಚು ಕಾಣಿಸಿಕೊಂಡಿತ್ತು. ಮಿರಗ ಹತ್ತಿರವಿತ್ತು.

ಉಸಿರು ಮರಳಿದ ಮೇಲೆ ಅತ್ತೆ ಮೊದಲು ಹೇಳಿದ್ದು ಡ್ರಮ್ಮಿನ ಮಾತು. "ಅದಕ್ಕೂ ಒಂದು ಮೂಗು ಬೇಕಪ್ಪಾ. ಆ ಸರ್ ಮೂಗು ಎಲ್ಲಿ ಇಟ್ಟಿದ್ದ?"

ಎಲ್ಲರೂ ನನ್ನನ್ನು ನೋಡಿದರು. ನನಗೆ ಗೊತ್ತಿರಲಿಲ್ಲ. ನಗು ಬರುವಲ್ಲಿ ನಾನು ಕ್ಲಾಸಿನಲ್ಲಿ ಕಣ್ಣು ತೆರೆದಿದ್ದೆ, ನಗು ಬಾರದ ಕಡೆ ಮುಚ್ಚಿದ್ದೆ.

"ನಕಲ ಮಾಡು" ಎಂದ ಅಪ್ಪ. "ಮೊದಲಿಂದ. ನಗಸಬ್ಯಾಡ. ಆ ಮನಶ್ಯಾ ಹೆಂಗ ಮಾಡ್ಯಾನ ಹಂಗ ಮಾಡು."

ನಗಿಸದೆ ನಕಲು ಮಾಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಕಣದ ನಡುವೆ ನಿಂತೆ. ಮೂವರು ದೊಡ್ಡವರು ಮಸಿ ಮೆತ್ತಿದ ಮುಖದಲ್ಲಿ, ಪುರಾಣ ಕೇಳುವವರ ಹಾಗೆ ನನ್ನ ಮುಂದೆ ಕೂತರು. ಕೆಮ್ಮಿದೆ. ಯಾರೂ ನಗಲಿಲ್ಲ. "ಲಕ್ಷ ದ್ಯಾ" ಎಂದೆ. ಕೊಟ್ಟಿದ್ದರು. ಭುಜ ಸರ್ ಭುಜದ ಹಾಗೆ ಬಾಗಿತು. ಬಲಗೈಯಲ್ಲಿ ನಳಿಗೆ ಉರಿಯ ಮೇಲೆ ಆಡಿತು. ಎಡಗೈ ತಾನಾಗಿ ಮೇಲೆದ್ದು, ಕಿರುಬೆರಳು ಬೇರೆ ಮಾಡಿಕೊಂಡು, ಗಾಳಿಯಲ್ಲಿ ಏನನ್ನೋ ಹಗುರಾಗಿ ಹಿಡಿಯಿತು. ಕಣ್ಣು ನಳಿಗೆಯನ್ನು ಬಿಟ್ಟು, ಕಿರಿದಾಗಿ, ಆ ಏನೋ ಒಂದರ ತುದಿಯನ್ನು ನೋಡಿತು.

"ನಿಲ್ಲು" ಎಂದಳು ಅತ್ತೆ. "ಎಡಗೈಯಾಗ ಏನದ?"

ನೋಡಿದೆ. ಏನೂ ಇರಲಿಲ್ಲ. ಆದರೂ ಬೆರಳುಗಳು ಬಿಡುತ್ತಿರಲಿಲ್ಲ. ಬೂಚಿನಿಂದ ಹೊರಟು ಪಕ್ಕಕ್ಕೆ ಚಾಚಿದ್ದ ತೆಳ್ಳಗಿನ ಗಾಜಿನ ಕೊಳವೆ ಆಗ ನನಗೆ ಕಂಡಿತು. ಅದರ ತುದಿಗೇ ಸರ್ ಕಡ್ಡಿ ಗೀರಿದ್ದು. ತಲೆ ಕಳೆದುಕೊಂಡದ್ದನ್ನು ಕೈ ಜೋಪಾನ ಮಾಡಿತ್ತು. ನನ್ನದೇ ಕೈಯನ್ನು ನಾನು ಪರರ ಕೈಯಂತೆ ತಿರುಗಿಸಿ ತಿರುಗಿಸಿ ನೋಡಿದೆ.

"ಕೊಳವಿ" ಎಂದೆ. "ಸಣ್ಣ ಕೊಳವಿ, ಅತ್ತಿ. ಗಾಳಿ ಒಳಗ ಹೋಗಬಾರ್ದು, ಖರೇ. ಹೊಗಿ ಹೊರಗ ಬರಬೇಕು."

ಅತ್ತೆ ಎದ್ದು ಮನೆಯೊಳಗೆ ಹೋದಳು. ಗಂಟು ಬಿಚ್ಚಿದ ಸಪ್ಪಳ ಕೇಳಿತು. ಊದುಗೊಳವೆ ತಂದು ಮಾಮಾನ ಕೈಗೆ ಕೊಟ್ಟಳು. ಅವಳ ಬಾಯಿ ತಾಗಿ ತಾಗಿ ಒಂದು ತುದಿ ಬೆಳ್ಳಿಯಂತೆ ಹೊಳೆಯುತ್ತಿತ್ತು, ಇನ್ನೊಂದು ತುದಿ ಕಪ್ಪಗಿತ್ತು.

"ಇಷ್ಟು ವರ್ಷ ನಾ ಬೆಂಕಿಗೆ ಊದೀನಿ. ಒಂದು ಸಲ ಅದು ಊದಲಿ."

ಕಮ್ಮಾರನಲ್ಲಿ ಡ್ರಮ್ಮಿನ ಉಬ್ಬು ತಟ್ಟಿಸಿ, ತಗಡಿಗೆ ತೂತು ಕೊರೆಸಿ ಊದುಗೊಳವೆ ಸಿಕ್ಕಿಸಿ, ಮರುದಿನ ಹೊಸದಾಗಿ ತುಂಬಿದೆವು. ಅಪ್ಪನ ಕೈ ನೀರಿನ ಕೊಡದ ಕಡೆ ಹೊರಟಿತ್ತು. ಅತ್ತೆ ನೋಡಿದಳು, ಕೈ ಹಿಂದಕ್ಕೆ ಬಂತು. ಮಾಮಾ ಮಣ್ಣು ಮೆತ್ತಿದ, ಆದರೆ ಕೊಳವೆಯ ಬಾಯಿಗೆ ಬಂದಾಗ ಬೆರಳು ತಡೆದು ನಿಂತ. ಒಂದು ಬಾಯಿಯನ್ನು ತೆರೆದು ಬಿಡುವುದು ಅವನ ಕೈಗೆ ಎಷ್ಟು ಕಷ್ಟವಾಯಿತೆಂದು ಅವನ ಮುಖದಲ್ಲಿ ಕಾಣುತ್ತಿತ್ತು.

ಹೊತ್ತು ಇಳಿಯುವಾಗ ಬೆಂಕಿ ಹಚ್ಚಿದೆವು. ಮೊದಲು ಬಂದದ್ದು ಬಿಳಿ ಉಗಿ. ಮಾಮಾ ಅಪ್ಪನ ಕಡೆ ನೋಡಿ, "ಹುಗ್ಗಿ?" ಎಂದ. ಅಪ್ಪ ಬೆಂಕಿಗೆ ಇನ್ನೊಂದಿಷ್ಟು ಕಟ್ಟಿಗೆ ಒಟ್ಟಿದ. ಉಗಿ ತೆಳ್ಳಗಾಯಿತು. ಆಮೇಲೆ ಅರಿಷಿಣ ಕಲಸಿದ ಹಾಲಿನಂಥ ದಪ್ಪ ಹೊಗೆ ಊದುಗೊಳವೆಯ ಬಾಯಿಂದ ಇಳಿದು ನೆಲದ ಮೇಲೆ ಹರಿಯತೊಡಗಿತು. ಡಾಂಬರಿನ ವಾಸನೆ, ಹುರಿದ ತೊಗರಿಯ ವಾಸನೆ. ತುದಿಯಿಂದ ಕಪ್ಪು ಹನಿಗಳು ತೊಟ್ಟಿಕ್ಕಿದವು.

"ನಾ ಹಚ್ತೀನಿ" ಎಂದಳು ಅತ್ತೆ. ಬೇಡವೆಂದರೂ ಕೇಳಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು, ಗಾಳಿ ಬರುವ ಕಡೆ ನಿಂತು, ಉದ್ದನೆಯ ತೊಗರಿ ಕಡ್ಡಿಯ ತುದಿಗೆ ಉರಿ ಹಿಡಿಸಿ ಚಾಚಿದಳು. ಕಡ್ಡಿ ಹೊಗೆಯೊಳಗೆ ಹೋಗಿ ಆರಿತು. ಇನ್ನೊಂದು ಚಾಚಿದಳು.

ಭಪ್ ಎಂದಿತು.

ಊದುಗೊಳವೆಯ ತುದಿಯಲ್ಲಿ ಉರಿ ನಿಂತಿತ್ತು. ತುದಿಗೆ ತಾಗಿರಲಿಲ್ಲ, ಒಂದು ಬೆರಳಿನಷ್ಟು ಗಾಳಿ ಬಿಟ್ಟು ಬರಿಯ ಬಯಲಲ್ಲಿ ನಿಂತಿತ್ತು. ಬುಡದಲ್ಲಿ ನೀಲಿ, ಮೇಲೆ ಹಳದಿ, ಅಂಚಿಗೆ ಹೆಸರಿಲ್ಲದ ಒಂದು ಬಣ್ಣ. ನೆಲದ ಮೇಲೆ ಹರಿಯುತ್ತಿದ್ದ ಹೊಗೆ ಎಲ್ಲಿ ಹೋಯಿತೆಂದು ಹುಡುಕಿದರೆ ಇಲ್ಲ. ಕಟ್ಟಿಗೆ ಕಾಣುತ್ತಿಲ್ಲ, ಎಣ್ಣೆಯಿಲ್ಲ, ಬತ್ತಿಯಿಲ್ಲ. ಉರಿ ಮಾತ್ರ, ಯಾರದೋ ಉಸಿರಿನ ಹಾಗೆ ಹಿಗ್ಗುತ್ತ, ಕುಗ್ಗುತ್ತ, ಮತ್ತೆ ಹಿಗ್ಗುತ್ತ. ಕತ್ತಲಾಗುತ್ತ ಬಂದಂತೆ ಬೇವಿನ ಎಲೆಗಳ ಅಡಿ ಮೈ ಒಂದೊಂದಾಗಿ ಬೆಳಗಿತು. ತಾನು ತಪ್ಪಿಸಿಕೊಂಡ ಜಾಗಕ್ಕೆ ಮರಳಿ ಬಂದಿದ್ದ ಎಮ್ಮೆ ಮೆಲುಕು ನಿಲ್ಲಿಸಿ ನೋಡುತ್ತಿತ್ತು.

ನನಗೆ ಸರ್ ಹೇಳಿದ ಇನ್ನೊಂದು ಮಾತು ನೆನಪಾಯಿತು. ಈ ಸಲ ಅವರ ಗಂಟಲಿಲ್ಲದೆ, ನನ್ನದರಲ್ಲೇ ಹೇಳಿದೆ. "ಕಲ್ಲಿದ್ದಲಿನೂ ಒಂದು ಕಾಲಕ್ಕ ಅಡವಿ ಇತ್ತಂತ, ಅತ್ತಿ. ಮನಶ್ಯಾರು ಹುಟ್ಟೂಕಿಂತ ಮೊದ್ಲು. ನೆಲದಾಗ ಹೂತು ಕಲ್ಲಾಗ್ಯದ."

ಅತ್ತೆ ಡ್ರಮ್ಮಿನತ್ತ ನೋಡಿದಳು. "ಹಂಗಾರ ಮುತ್ತಜ್ಜನೂ ಹ್ವಾದ ವರ್ಷದ ಕೂಸೂ ಒಂದ ಕ್ವಾಣ್ಯಾಗ ಕೂತಾವ ಅನ್ನು." ಆಮೇಲೆ ನನ್ನನ್ನು ಚುಡಾಯಿಸಿದಳು. "ಎಲ್ಲಾರ ನಕಲ ಮಾಡ್ತೀಯಲ್ಲೋ ಮಂಗ್ಯಾ. ಇದರದು ಮಾಡು."

ಬಾಯಿ ತೆರೆದೆ. ಆ ದನಿ ಊದಿನದ್ದೂ ಅಲ್ಲ, ಗಾಳಿಯದ್ದೂ ಅಲ್ಲ. ಬಟ್ಟೆ ಎಲ್ಲೋ ದೂರದಲ್ಲಿ ಒಂದೇ ಸಮ ಹರಿಯುತ್ತಿರುವ ಹಾಗೆ, ಅದರೊಳಗೆ ಒಂದು ಸಣ್ಣ ಗುನುಗು. ಹಿಡಿದೆ ಎನ್ನುವಷ್ಟರಲ್ಲಿ ಬದಲಾಗುತ್ತಿತ್ತು. ಬಾಯಿ ಮುಚ್ಚಿದೆ. ಮಾಮಾನಿಗೆ ಇದು ಉರಿಗಿಂತ ದೊಡ್ಡ ಆಶ್ಚರ್ಯ. "ದಾಜಿ, ನಿಮ್ಮ ಮಗನ ಬಾಯಿ ಮುಚ್ಚಾಕೂ ನನ್ನ ಮಣ್ಣು ಬೇಕಾಗಲಿಲ್ಲ" ಎಂದ.

ಉರಿ ಸಣ್ಣಗಾಗಿ, ನೀಲಿ ಮೊಗ್ಗಾಗಿ, ಆರಿದ ಮೇಲೆ ಅತ್ತೆ ಕೊಳವೆಯ ಬಾಯಿಗೆ ಮಣ್ಣಿಡಿಸಿದಳು. ಬಿಸಿಯಲ್ಲಿ ತೆಗೆಯಬಾರದೆಂದು ಮಾಮಾ ಹೇಳಿದ. ಹಗೇವಿನ ಎಚ್ಚರಿಕೆ ಈ ಸಲ ಸರಿಯಾದ ಜಾಗಕ್ಕೆ ಬಿತ್ತು. ಬೆಳಿಗ್ಗೆ ತಗಡು ತೆಗೆದರೆ ಒಳಗೆ ತೊಗರಿ ಕಡ್ಡಿಗಳು ಕಡ್ಡಿಗಳಾಗಿಯೇ ಇದ್ದವು, ಗೆಣ್ಣು ಗೆಣ್ಣೂ ಕಾಣುವಂತೆ, ಆದರೆ ಹೊಳೆಯುವ ಕಪ್ಪು. ಪುಡಿ ಕರಗಿ, ಉಕ್ಕಿ, ಕಡ್ಡಿಗಳನ್ನು ತಬ್ಬಿ ಗಟ್ಟಿಯಾಗಿತ್ತು. ಎತ್ತಿದರೆ ಹಗುರು. ಬಡಿದರೆ ಗಾಜಿನಂಥ ನಾದ.

ಅದನ್ನು ಮುರಿದು ಶೇಗಡಿಗೆ, ಅಂದರೆ ಇದ್ದಿಲ ಒಲೆಗೆ, ಹಾಕಿ ಕೆಂಡವಿಟ್ಟೆವು. ಮಾಮಾ ಕಿಟಕಿ ಬಾಗಿಲು ಎಲ್ಲ ತೆಗೆಸಿದ, ಕಂದೀಲು ಆರಿಸುವ ಗಾಳಿಯ ಭಯ ಅವನಿಗೆ ಹುಟ್ಟಿನಿಂದ. ಮಾಮಿ ಎದ್ದು, ಹಿಟ್ಟಿನ ಪರಾತವನ್ನು ಅತ್ತೆಯ ಮುಂದೆ ಸರಿಸಿದಳು. ಅತ್ತೆ ರೂಢಿಯಂತೆ ಪಕ್ಕದಲ್ಲಿ ಊದುಗೊಳವೆಗೆ ತಡಕಾಡಿದಳು. ಇರಲಿಲ್ಲ. ಬೇಕಾಗಿಯೂ ಇರಲಿಲ್ಲ, ಕೆಂಡ ತಾನಾಗಿ ಕೆಂಪಗೆ ಏರುತ್ತಿತ್ತು. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿ ನಿಂತಿತು. ಅತ್ತೆ ಅದನ್ನು ತಿರುವದೆ ಮೇಲೆ ನೋಡುತ್ತಿದ್ದಳು.

"ಅಕ್ಕಾ, ರೊಟ್ಟಿ" ಎಂದ ಅಪ್ಪ.

"ತಡಿಯೋ. ಒಲಿ ಹೊತ್ತಿದಾಗ ಮ್ಯಾಲಿನ ಜಂತಿ ಕಂಡದ್ದು ಇದ ಮೊದ್ಲು."

ನಾವೂ ಮೇಲೆ ನೋಡಿದೆವು. ಜಂತಿಯಿತ್ತು. ಅದರ ಮೇಲೊಂದು ಗುಬ್ಬಿಯ ಗೂಡಿತ್ತು. ಆ ರೊಟ್ಟಿ ಸೀದುಹೋಯಿತು. ಅಪ್ಪ ಅದನ್ನೇ ತಿಂದ.

ಮಿರಗದ ಮೊದಲ ಮಳೆಗೆ ನಾವು ಸೊಲ್ಲಾಪುರಕ್ಕೆ ಮರಳಿದ್ದೆವು. ರೊಟ್ಟಿ ಬಡಿಯಲು ಹೇಳಿದ್ದ ಹೆಂಗಸು ಬಂದಾಗ ಅತ್ತೆ ಶೇಗಡಿಯ ಮುಂದೆ ಕೂತಿದ್ದಳು. ಅವಳಿಗೊಂದು ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು, "ಕಾಯಿಪಲ್ಲೆ ಹೆಚ್ಚು, ಆಕಡೆ ಕೂತು" ಎಂದಳು. ಆಕೆ ವರ್ಷಗಟ್ಟಲೆ ಹೆಚ್ಚಿದಳು. ಡಾಕ್ಟರು ಒಮ್ಮೆ ತಾವೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂಗೇರಿಸಿ ನೋಡಿದರು, ಕನ್ನಡಕ ತೆಗೆದರು, ಹಾಕಿಕೊಂಡರು. "ಹಂ. ಬಸಾ" ಎಂದರು. ಕೂತಿರಿ ಎಂಬ ಆ ಒಂದು ಮಾತನ್ನು ಅತ್ತೆ ಔಷಧಿಯ ಚೀಟಿಯ ಹಾಗೆ ಊರಿಗೆಲ್ಲ ಹೇಳಿದಳು. ಕೆಮ್ಮು ಪೂರ್ತಿ ಹೋಗಲಿಲ್ಲ. ಬಂದು ಕೂಡುವುದನ್ನು ಬಿಟ್ಟು, ಮೊದಲಿನಂತೆ ಬಂದು ಹೋಗತೊಡಗಿತು.

ಅಪ್ಪ ಬಗ್ಗಿದ ಕೊಳವೆಯೊಂದನ್ನು ಮಾಡಿಸಿ, ಹೊಗೆಯ ಉರಿಯನ್ನು ಡ್ರಮ್ಮಿನ ಬುಡಕ್ಕೇ ತಿರುಗಿಸಿದ. ತನ್ನ ಅಡುಗೆ ತಾನೇ ಮಾಡಿಕೊಳ್ಳುವ ಡ್ರಮ್ಮನ್ನು ನೋಡಲು ಜನ ಬರುತ್ತಿದ್ದರು. ಮಾಮಾ ಬಾವಿಯ ಕಾಲುವೆಯ ಗುಂಟ ಬೇಗ ಬೆಳೆಯುವ ಶೇವರಿ ಮರದ ಬೀಜ ಬಿತ್ತಿದ, ಬರಿಯ ಸುಡಲಿಕ್ಕೆಂದು. ಸುಡಲು ಬಿತ್ತುವ ರೈತನನ್ನು ಹನ್ನೂರು ಅಲ್ಲಿಯವರೆಗೆ ಕಂಡಿರಲಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ, ಅಂದರೆ ಭೂತಾಯಿಯ ಎಡೆ, ಚೆಲ್ಲುವಾಗ ಆ ಸಾಲಿಗೂ ಚೆಲ್ಲಬೇಕೋ ಬೇಡವೋ ಎಂಬ ಮಾತು ಬಂತು. ಅತ್ತೆ ಬುಟ್ಟಿಗೆ ಕೈ ಹಾಕಿ, ಎಲ್ಲ ಸಾಲಿಗಿಂತ ಒಂದು ಹಿಡಿ ಹೆಚ್ಚೇ ಚೆಲ್ಲಿದಳು. ಗೇಣುದ್ದದ ಸಸಿಗಳ ನಡುವೆ ನಿಂತು, "ನೀವು ಬರ್ರಿ ಒಮ್ಮೆ ನಮ್ಮನಿಗೆ" ಎಂದು ಬೀಗರನ್ನು ಕರೆದ ಹಾಗೆ ಕರೆದಳು.

ಒಂದು ತೊಂದರೆ ಉಳಿಯಿತು. ಊದುವ ಸಪ್ಪಳ ನಿಂತ ಮೇಲೆ ನಮ್ಮ ಮನೆ ಹೊತ್ತಿಗೆ ಏಳುವುದು ನಿಂತಿತು. ಅಪ್ಪ ವಖಾರಿಯ ಬಾಗಿಲು ತೆಗೆಯುವಷ್ಟರಲ್ಲಿ ಗಿರಾಕಿಗಳು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅತ್ತೆ ನನ್ನನ್ನು ಕರೆದು, ಡಾಂಬರು ತಿಕ್ಕಿ ತೊಳೆದ ಹಳೆಯ ಊದುಗೊಳವೆಯನ್ನು ಕೈಗಿಟ್ಟಳು. "ನಿನಗ ಬರ್ತದಲಾ. ಎಬ್ಬಸು ಎಲ್ಲಾರನ್ನ."

ಕೊಳವೆ ನನಗೆ ಬೇಕಿರಲಿಲ್ಲ. ಆದರೂ ತೆಗೆದುಕೊಂಡೆ. ದಿನಾ ಭೋಂಗಾಕ್ಕಿಂತ ಮೊದಲು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಅತ್ತೆಯ ಉಸಿರಿನಲ್ಲಿ ಫೂ, ಫೂ ಎಂದು ಬರಿಯ ಗಾಳಿಗೆ ಊದುತ್ತಿದ್ದೆ. ಒಳಗೆ ಅಪ್ಪ ಎದ್ದು ಕೂತು ದರ ಹೇಳುವ ಕೆಮ್ಮು ಕೆಮ್ಮುತ್ತಿದ್ದ. ಅತ್ತೆ ಶೇಗಡಿಯ ಮುಂದೆ, ಬೆಳ್ಳನೆ ಬೆಳಗುವ ಕೆಂಡದ ಬೆಳಕಲ್ಲಿ ಕೂತು, ನನ್ನ ಊದು ಸರಿಯಿದೆಯೇ ಎಂದು ಕಿವಿಗೊಡುತ್ತಿದ್ದಳು. ಎರಡು ಊದಿನ ಮೇಲೆ ಬರಬೇಕಿದ್ದ ಕೆಮ್ಮಿನ ಜಾಗಕ್ಕೆ ಬಂದಾಗ ನಾನು ಸುಮ್ಮನೆ ನಿಲ್ಲುತ್ತಿದ್ದೆ. ಆ ನಕಲು ನನಗೆ ಪೂರ್ತಿ ಬರುತ್ತಿತ್ತು. ಅದನ್ನು ಮಾತ್ರ ಮತ್ತೆ ಮಾಡಲಿಲ್ಲ.